ಬಕೆಟ್ಟಿನ ನೀರಲ್ಲಿ ಆಮೆ ಮೊಟ್ಟೆ

ಸಿಂಗಾಪುರವೆಂಬ ನಮ್ಮೂರಿನ ಕೆರೆಗೆ ಹತ್ತಿರದಲ್ಲೇ ನಮ್ಮ ಹಳೇ ಮನೆ. ಕಳೆದ ವರ್ಷ ಹಿತ್ತಲಲ್ಲಿ ಪೈಪು ಹಾಕಲು ನೆಲ ಅಗೆಯುತ್ತಿದ್ದೆ. ಗುದ್ದಲಿಯ ಪಕ್ಕದಲ್ಲಿ ಬಿಳಿ ಗೋಲಿಗಳಂಥವು ಕಂಡವು. ಆಮೆಯ ಮೊಟ್ಟೆಗಳು. ಪುಣ್ಯಕ್ಕೆ ಒಂದೂ ಒಡೆದಿರಲಿಲ್ಲ. ಬೇರೆ ಕಡೆ ಹೂಳೋಣವೆಂದು ಒಂದು ಬಾಣಲಿ ಮರಳು ತರಲು ಬೀದಿಗೆ ಹೋದೆ. ತಿರುಗಿ ಬಂದರೆ, ದೊಡ್ಡಮ್ಮ ಅಷ್ಟನ್ನೂ ನೀರು ತುಂಬಿದ ಬಕೆಟ್ಟಿಗೆ ಹಾಕಿ, ಮೇಲೊಂದು ದಾಸವಾಳ ತೇಲಿಬಿಟ್ಟು ಕೈ ಮುಗಿಯುತ್ತಿದ್ದಳು.

"ಅಯ್ಯೋ ದೊಡ್ಡಮ್ಮ, ತೆಗಿ! ಉಸಿರು ಕಟ್ಟುತ್ತೆ!"

"ನೀರಿನ ಜೀವಕ್ಕೆ ನೀರಲ್ಲಿ ಉಸಿರು ಕಟ್ತದಾ? ದೇವ್ರು ಕಣೋ ಅದು. ಕೆರೇಗ್ ಬಿಟ್ ಬತ್ತೀನಿ, ಅಡ್ಡ ಬರ್ಬ್ಯಾಡ."

ಹೆಂಡತಿ ಮಕ್ಕಳಾದ ಮೇಲೆ ಸಂಜೆ ತರಗತಿಗೆ ಸೇರಿದವನು ನಾನು. ಆ ವಾರವಷ್ಟೇ ಈ ಪಾಠ ಆಗಿತ್ತು. ಕಪ್ಪೆಯ ಮೊಟ್ಟೆಗೆ ಚಿಪ್ಪಿಲ್ಲ, ನೀರು ಬಿಟ್ಟರೆ ಒಣಗುತ್ತದೆ. ನೆಲದಲ್ಲಿ ಮೊಟ್ಟೆಯಿಟ್ಟ ಪ್ರಾಣಿಗಳು ಚಿಪ್ಪಿನೊಳಗೇ ಒಂದು ಪುಟ್ಟ ಕೆರೆ ಕಟ್ಟಿಕೊಂಡವು. ಮರಿ ಅದರಲ್ಲಿ ತೇಲುತ್ತದೆ. ಚಿಪ್ಪಿನಲ್ಲಿರುವ, ಕಣ್ಣಿಗೆ ಕಾಣದ ತೂತುಗಳಿಂದ ಗಾಳಿ ಒಳಗೆ ಬರುತ್ತದೆ. ಆಮೆಯ ಕುಲ ಕಾಲಾಂತರದಲ್ಲಿ ನೀರಿಗೆ ವಾಪಸು ಹೋಯಿತು. ಅದರ ಮೊಟ್ಟೆ ಮಾತ್ರ ನೆಲದ್ದೇ ಆಗಿ ಉಳಿಯಿತು.

ಬಕೆಟ್ಟಿನಲ್ಲಿ ಸಣ್ಣ ಗುಳ್ಳೆಗಳು ಏಳುತ್ತಿದ್ದವು.

"ನೋಡು, ಎಂಗೆ ಉಸಿರಾಡ್ತವೆ!" ಎಂದಳು.

ಅದು ಉಸಿರಲ್ಲ, ಚಿಪ್ಪಿನೊಳಗಿನ ಗಾಳಿ ಹೊರಗೆ ಹೋಗುತ್ತಿದೆ ಎಂದು ಹೇಗೆ ಹೇಳಲಿ? ಬಕೆಟ್ಟಿನ ಹಿಡಿಗೆ ಕೈ ಹಾಕಿದೆ. ಅವಳೂ ಬಿಡಲಿಲ್ಲ. "ನಾಕ್ ಅಕ್ಷರ ಕಲ್ತು ನಂಗೇ ಏಳ್ಕೊಡ್ತೀಯೇನೋ?"

"ನೀರೇ ಬೇಕಿದ್ರೆ, ಅದರವ್ವ ಕೆರೆ ಬಿಟ್ಟು ನಮ್ಮ ಹಿತ್ತಲಿಗ್ಯಾಕೆ ಬಂದ್ಲು ದೊಡ್ಡಮ್ಮ?"

ಅವಳು ಕೆರೆಯ ಕಡೆ ನೋಡಿದಳು. ಆಮೇಲೆ ಮೊಟ್ಟೆಗಳ ಕಡೆ. ಹಿಡಿ ಸಡಿಲವಾಯಿತು.

ಒಂದೊಂದನ್ನೇ ಎತ್ತಿ ಸೆರಗಲ್ಲಿ ಒರೆಸಿ ಕೊಟ್ಟವಳೂ ಅವಳೇ. ಬೇಲಿಯ ಬುಡದಲ್ಲಿ ಹೂತೆ. ಮಗ್ಗುಲು ಬದಲಾದರೂ ಒಳಗಿನ ಮರಿ ಸಾಯಬಹುದು. ಯಾವ ಮಗ್ಗುಲು ಮೇಲಿತ್ತೋ, ಒಳಗೆ ನೀರು ಹೋಯಿತೋ ಏನೋ, ಗೊತ್ತಿರಲಿಲ್ಲ. ನಾಯಿ ಕೆದಕಬಾರದೆಂದು ಅವಳು ಬಿದಿರು ಬುಟ್ಟಿ ಕವುಚಿ ಕಲ್ಲು ಹೇರಿದಳು. ದಿನಾ ಬೆಳಿಗ್ಗೆ ನಾನು ಮೊದಲು ನೋಡುತ್ತಿದ್ದದ್ದು ಆ ಬುಟ್ಟಿಯ ಕೆಳಗೆ. ಬೇಸಿಗೆ ಮುಗಿಯಿತು. ಏನೂ ಇಲ್ಲ. ಕೊಂದೆವು ಅಂತಲೇ ಅಂದುಕೊಂಡೆ.

ಮಳೆ ಹಿಡಿದು ಮಣ್ಣು ಮೆತ್ತಗಾದ ಮೇಲೆ, ಒಂದು ಮುಂಜಾನೆ ದೊಡ್ಡಮ್ಮ ಕೂಗಿದಳು. ಬುಟ್ಟಿಯ ಕೆಳಗೆ ಒಂದು ಮರಿ, ಎರಡು ರೂಪಾಯಿ ನಾಣ್ಯಕ್ಕಿಂತ ಸ್ವಲ್ಪ ದೊಡ್ಡದು, ಬೆನ್ನ ಮೇಲೆ ಮಣ್ಣು. ಬುಟ್ಟಿ ಎತ್ತಿದ್ದೇ ತಡ, ಕೆರೆಯ ಕಡೆ ಹೊರಟಿತು. ನೀರು ಸೇರುವವರೆಗೂ ಕಾಗೆ ಓಡಿಸುತ್ತಾ ಇಬ್ಬರೂ ಜೊತೆಗೇ ನಡೆದೆವು.

"ನೀರಿಗೇ ಓಯ್ತಾ ಇಲ್ವಾ? ನಾನೇನ್ ಏಳಿದ್ದೆ?" ಎಂದಳು ದೊಡ್ಡಮ್ಮ.

ಮನೆಗೆ ಬಂದವಳೇ ಬುಟ್ಟಿಯನ್ನು ಮತ್ತೆ ಅದೇ ಜಾಗದಲ್ಲಿ ಕವುಚಿದಳು. ಉಳಿದವು ಇನ್ನೂ ಬಂದಿರಲಿಲ್ಲ.