ನೂರಾ ನಲವತ್ತು ಹೆಜ್ಜೆ

ಬಾವಿ ತೋಡುವಾಗ ಹತ್ತಿದ ಬಂಡೆಯನ್ನು ಮದ್ದು ತುಂಬಿ ಒಡೆಯುವುದು ನನ್ನ ಕೆಲಸವಾಗಿತ್ತು. ಆರನೇ ಇಯತ್ತೆಗೆ ಶಾಲೆ ಬಿಟ್ಟವನು ನಾನು. ಆದರೆ ಆಳಂದದ ಸುತ್ತಿನ ಹಳ್ಳಿಗಳಲ್ಲಿ ನಾನು ಒಡೆದ ಬಾವಿಯ ನೀರು ಕುಡಿಯದ ಎತ್ತು ಇಲ್ಲವೆಂದು ಹೇಳಿಕೊಳ್ಳುತ್ತಿದ್ದೆ. ಈಗಲೂ ಹೇಳುತ್ತೇನೆ. ಕೆಲಸ ಕಲಿಸಿದ ಮುದುಕ ಒಂದೇ ಮಾತು ಕಟ್ಟಿಕೊಟ್ಟಿದ್ದ: ಬತ್ತಿಗೆ ಬೆಂಕಿ ಹಚ್ಚುವಾಗ ನೂರಾ ಇಪ್ಪತ್ತು ಹೆಜ್ಜೆಯೊಳಗೆ ಉಸಿರಾಡುವ ಜೀವ ಇರಬಾರದು. ಅವನ ಎಡಗೈಯಲ್ಲಿ ಎರಡೇ ಬೆರಳಿದ್ದವು. ಹಾಗಾಗಿ ನಾನು ಕಾರಣ ಕೇಳಿರಲಿಲ್ಲ.

ಎಂಬತ್ತರ ದಶಕದ ಒಂದು ಚಳಿಗಾಲ. ಸರಸಂಬಾದ ಹೊಲವೊಂದರಲ್ಲಿ ಬಾವಿ ಒಂದಾಳುದ್ದ ಇಳಿಯುವಷ್ಟರಲ್ಲೇ ಕರಿಬಂಡೆ ಹತ್ತಿತ್ತು. ಆಳದಲ್ಲಿ ಸಿಡಿಸಿದರೆ ಕಲ್ಲು ಎದ್ದು ಬಹಳಷ್ಟು ಬಾವಿಯೊಳಗೇ ಬೀಳುತ್ತದೆ. ಮೇಲಿನ ಬಂಡೆ ಹಾಗಲ್ಲ, ಎತ್ತ ಹಾರುತ್ತದೆಂದು ಹೇಳಲಾಗದು. ಅದೇ ಹೊಲದ ಎದುರು ಮೂಲೆಯಲ್ಲಿ ತಗಡಿನ ಗುಡಿಸಲು. ರೈತನ ಹೆಂಡತಿ ಬುತ್ತಿ ತಂದವಳು ನೋವು ಬಂದು ಅಲ್ಲೇ ಹೆತ್ತಿದ್ದಳು. ಕೂಸಿಗೆ ಮೂರು ದಿನ.

“ಊರಾಗಿನ ಮನಿಗಿ ಒಯ್ರಿ,” ಅಂದೆ.

ರೈತನ ತಾಯಿ ಬಾಗಿಲಿಗೆ ಅಡ್ಡ ಕುಳಿತಿದ್ದಳು. “ಐದನೇ ದಿನದ ಪೂಜಿ ಆಗೋತನ ಬಾಣಂತಿ ಹೊಸ್ತಿಲ ದಾಟಂಗಿಲ್ಲ, ತಮ್ಮಾ. ನೀ ಹುಟ್ಟಿದಾಗ ನಿಮ್ಮವ್ವ ಓಡ್ಯಾಡ್ತಿದ್ಲೇನು? ಕೇಳ್ಕೊಂಡು ಬಾ ಹೋಗು.”

ರೈತ ನನ್ನ ಮುಖ ನೋಡಿದ. “ಮೇಸ್ತ್ರಿ, ನೀವೇ ಹೇಳ್ರಿ. ದೂರ ಸಾಕಾಗ್ತದೋ ಇಲ್ಲೋ?”

ಜೋಳ ಆಳೆತ್ತರ ನಿಂತು ತೆನೆ ಹಿಡಿದಿತ್ತು. ಬಾವಿಯಿಂದ ಗುಡಿಸಲು ಕಾಣುತ್ತಿರಲಿಲ್ಲ, ನಿಂತ ಬೆಳೆ ತುಳಿಯಲು ಯಾರೂ ಬಿಡುವುದಿಲ್ಲ. ಬದುವಿನ ಮೇಲೆ ನಡೆದು ಎಣಿಸಿದೆ. ಪೂರ್ವಕ್ಕೆ ಎಂಬತ್ತು, ಅಲ್ಲಿಂದ ಉತ್ತರಕ್ಕೆ ತಿರುಗಿ ಅರವತ್ತು.

“ನೂರಾ ನಲವತ್ತು. ಇಪ್ಪತ್ತು ಹೆಚ್ಚೇ ಅದ,” ಎಂದು ಎಲ್ಲರಿಗೂ ಕೇಳುವಂತೆ ಹೇಳಿದೆ. ಮುದುಕಿ ಸಮಾಧಾನದಿಂದ ಎದ್ದು ಹೋಗಿ ಬಾಣಂತಿಯ ಶೇಗಡಿಗೆ ಕೆಂಡ ತುಂಬಿದಳು. ಸಂಜೆಯೊಳಗೆ ಬಂಡೆಗೆ ಆರು ತೂತು ಹೊಡೆದೆವು. ಮದ್ದು ತುಂಬಿ ಬೆಂಕಿ ಹಚ್ಚುವುದು ಮರುದಿನಕ್ಕೆ.

ಬೆಳಿಗ್ಗೆ ರೊಟ್ಟಿ ತಿನ್ನುತ್ತ ಹೆಂಡತಿಗೆ ಇದನ್ನೆಲ್ಲ ಹೇಳಿದೆ. ಅವಳು ಹತ್ತನೇ ಇಯತ್ತೆ ಪಾಸಾದವಳು. ರೊಟ್ಟಿ ಬಡಿಯುವ ಕೈ ನಿಂತಿತು.

“ಕಲ್ಲು ಬದುವಿನ ಮ್ಯಾಲ ನಡ್ಕೋತ ಹೋಗ್ತದೇನ್ರಿ?”

“ಸಾಲಿ ಕಲ್ತಾಕಿ ನೀ. ಬಾವಿ ಒಡ್ಯಾಂವ ನಾ.”

ನಮ್ಮ ಅಡಿಗೆಮನೆಗೆ ಚೌಕ ಚೌಕದ ಪರಸಿ ಕಲ್ಲು ಹಾಸಿತ್ತು. ಅವಳು ಒಂದು ಪರಸಿಯ ಮೂಲೆಗೆ ತೊಗರಿ ಕಾಳಿಟ್ಟಳು. “ಇದು ಬಾವಿ. ಪರಸಿಗೊಂದು ಇಪ್ಪತ್ತು ಹೆಜ್ಜಿ.” ನಾಲ್ಕು ಪರಸಿ ಆ ಕಡೆ, ಮೂರು ಪರಸಿ ಮೇಲೆ ಎಣಿಸಿ ಇನ್ನೊಂದು ಕಾಳಿಟ್ಟಳು. “ಇದು ಬಾಣಂತಿ.”

ಹಿಟ್ಟಿನ ಬೆರಳಿನಿಂದ ನೆಲದ ಮೇಲೆ ಬರೆದಳು. ನಾಲ್ಕು ನಾಲ್ಕಲೆ ಹದಿನಾರು, ಮೂರು ಮೂರಲೆ ಒಂಬತ್ತು, ಕೂಡಿದರೆ ಇಪ್ಪತ್ತೈದು. “ಯಾವ ಅಂಕಿನ ಅದರಿಂದನೇ ಗುಣಿಸಿದ್ರ ಇಪ್ಪತ್ತೈದು ಬರ್ತದ, ಹೇಳ್ರಿ?” ಅಷ್ಟು ಮಗ್ಗಿ ನನಗೂ ಬರುತ್ತಿತ್ತು. ರೊಟ್ಟಿ ಮುರಿದು ಬಾಯಿಗಿಟ್ಟುಕೊಂಡೆ. ಅವಳು ಕಾಳಿನಿಂದ ಕಾಳಿಗೆ ನೇರ ದಾರ ಹಿಡಿದು, ಅದೇ ದಾರವನ್ನು ಪರಸಿಯ ಸಂದಿಗುಂಟ ಇಟ್ಟಳು. ಐದೇ ಪರಸಿ.

“ನೂರು ಹೆಜ್ಜಿ. ಇಪ್ಪತ್ತು ಕಮ್ಮಿ ಬಿತ್ತು.”

“ಅಡಗಿಮನ್ಯಾಗ ಕುಂತು ಹೊಲ ಅಳೀತಿ ಏನು,” ಎಂದು ಅರ್ಧ ರೊಟ್ಟಿ ಬಿಟ್ಟು ಎದ್ದೆ.

ಹೊಲದಲ್ಲಿ ಗಾಳಿಯಿರಲಿಲ್ಲ. ಕೆಂಪು ಬಟ್ಟೆ ಹಿಡಿದ ಆಳು ಬದುವಿನ ಮೇಲೆ ನಿಂತಾಗಿತ್ತು. ಜೋಳದ ತೆನೆಗಳ ಮೇಲೆ ಶೇಗಡಿಯ ಹೊಗೆ ನೆಟ್ಟಗೆ ಏಳುತ್ತಿತ್ತು. ನಿನ್ನೆ ಅದನ್ನು ನಾನು ನೋಡಿರಲಿಲ್ಲ. ಇವತ್ತು ಕೈ ಚಾಚಿದರೆ ಸಿಗುವಷ್ಟು ಹತ್ತಿರ ಕಂಡಿತು. ಎಣಿಕೆ ತಪ್ಪಿದೆ ಎಂದರೆ ಮುಗಿಯುತ್ತಿತ್ತು. ಆದರೆ ನಿನ್ನೆ ಎಲ್ಲರಿಗೂ ಕೇಳುವಂತೆ ಹೇಳಿದವನು ನಾನೇ. ರೈತ ಮದ್ದಿನ ಡಬ್ಬಿ ನನ್ನ ಮುಂದೆ ತಂದಿಟ್ಟ.

ಬತ್ತಿಯ ಸುರುಳಿ ತೆಗೆದುಕೊಂಡು ಕಲ್ಲಿನ ಗುಡ್ಡೆಯ ಹಿಂದೆ ಹೋದೆ. ಅಲ್ಲಿ ಕುಡಿಯುವ ನೀರಿನ ಕೊಡ ಇತ್ತು. ಸುರುಳಿಯನ್ನು ಪೂರ್ತಿ ಮುಳುಗಿಸಿ, ಗುಳ್ಳೆ ನಿಲ್ಲುವವರೆಗೆ ಹಿಡಿದೆ.

“ಬತ್ತಿ ನೆಂದಾವ. ಹೊಸಾವು ತರಾಕ ಮೂರು ದಿನ ಬೇಕು.”

“ಈ ಚಳ್ಯಾಗ ಬತ್ತಿಗಿ ಬೆವರು ಬಂತೇನ್ರಿ ಮೇಸ್ತ್ರಿ?” ಅಂದ ಒಬ್ಬ ಆಳು. ಎಲ್ಲರೂ ನಕ್ಕರು. ನನ್ನ ಕೆಲಸಕ್ಕೆ ಯಾರೂ ನಕ್ಕಿರಲಿಲ್ಲ, ಅಲ್ಲಿಯವರೆಗೆ.

ಐದನೇ ದಿನದ ಪೂಜೆಯಾಯಿತು. ಬಾಣಂತಿಯನ್ನೂ ಕೂಸನ್ನೂ ಬಂಡಿಯಲ್ಲಿ ಊರಿಗೆ ಒಯ್ದರು. ಹೊಸ ಬತ್ತಿ ಬಂದ ಮೇಲೆ ಬೆಂಕಿ ಹಚ್ಚಿದೆ. ನೆಲ ನಡುಗಿತು, ಜೋಳದಲ್ಲಿ ದಬದಬನೆ ಕಲ್ಲು ಬಿದ್ದ ಸದ್ದು. ಎಲ್ಲ ನಿಂತಿತು ಅನ್ನುವಾಗ ದೂರದಲ್ಲಿ ಒಮ್ಮೆ ತಗಡು ಬಡಿಯಿತು.

ಬದುವಿನ ಮೇಲೆ ಓಡಿದೆವು. ಗುಡಿಸಲಿನ ಮಾಡಿನಲ್ಲಿ ತಟ್ಟೆಯಷ್ಟು ತೂತು. ತೆಂಗಿನಕಾಯಿ ಗಾತ್ರದ ಕಲ್ಲು ಶೇಗಡಿ ಇಟ್ಟಿದ್ದ ಜಾಗದಲ್ಲೇ ಕುಳಿತಿತ್ತು, ಬೂದಿ ನಾಲ್ಕೂ ಗೋಡೆಗೆ ಸಿಡಿದಿತ್ತು. ಹಾಸಿದ್ದ ಹುಲ್ಲಿನಲ್ಲಿ ಮಲಗಿದ್ದವಳ ಮೈಯ ತಗ್ಗು ಇನ್ನೂ ಹಾಗೇ ಇತ್ತು.

ರೈತ ನನ್ನ ಎರಡೂ ಕೈ ಹಿಡಿದ. “ಬತ್ತಿ ನೆಂದಿದ್ದೇ ಪುಣ್ಯ ಆತ್ರಿ ಮೇಸ್ತ್ರಿ. ದೇವ್ರೇ ನೆನಸ್ಯಾನ.”

“ಹೌದ್ರಿ,” ಅಂದೆ.

ತಿಂಗಳ ಮೇಲೆ ಅವನ ತಾಯಿ ಕೂಸನ್ನು ಎತ್ತಿಕೊಂಡು ನಮ್ಮ ಮನೆಗೆ ಬಂದಳು. ಅಡಿಗೆಮನೆಯ ಪರಸಿಯ ಮೇಲೆ ಕೌದಿ ಹಾಸಿ ಅದನ್ನು ಮಲಗಿಸಿ, ದೇವರು ಬತ್ತಿ ನೆನೆಸಿದ ಕತೆಯನ್ನು ನನ್ನ ಹೆಂಡತಿಗೆ ಹೇಳಿದಳು. ಹೆಂಡತಿ ಕೂಸಿನ ಅಂಗಾಲು ತಿಕ್ಕುತ್ತ ಎಲ್ಲ ಕೇಳಿಸಿಕೊಂಡಳು. ನನ್ನ ಕಡೆ ನೋಡಲಿಲ್ಲ.

“ಬಾವಿಯಿಂದ ಗುಡಿಸಲು ಎಷ್ಟು ದೂರ ಇತ್ತು, ಆಯಿ?”

“ನಿನ್ನ ಗಂಡನೇ ಎಣಿಸ್ಯಾನಲ್ಲ, ಕೇಳು.”

“ನೂರು ಹೆಜ್ಜಿ,” ಅಂದೆ.

ಮುದುಕಿ ನಕ್ಕಳು. “ನೂರಾ ನಲವತ್ತು ಅಂದಿದ್ದೆಲ್ಲೋ ಅವತ್ತು.”

“ತಪ್ಪು ಎಣಿಸಿದ್ದೆ. ಬತ್ತಿ ನಾನೇ ನೆನಸಿದೆ.”

ಮುದುಕಿಯ ನಗು ನಿಂತಿತು. ಮಲಗಿದ್ದ ಕೂಸನ್ನು ಎತ್ತಿ ಮಡಿಲಿಗೆ ಹಾಕಿಕೊಂಡಳು.