ಲಿಂಡಾ ಕರೆದ ದೇವರು

ಪರದೇಶದ ಮೋಲ್ನ್‌ಡಾಲ್ ಅನ್ನೋ ಊರಲ್ಲಿರೋ ಮಗಳ ಮನೇಲಿ ಬಟ್ಟೆ ಒಗೆಯೋಕೆ ನೆಲಮಾಳಿಗೆಗೆ ಇಳೀಬೇಕು. ಕಟ್ಟಡದ ಎಲ್ಲ ಮನೆಯವರಿಗೂ ಅಲ್ಲಿ ಒಂದೇ ಒಗೆಯೋ ಕೋಣೆ. ನೆಲ ಫಳಫಳ ಅಂತಿತ್ತು, ನಮ್ಮೂರಿನ ಅಭ್ಯಾಸದಂತೆ ಚಪ್ಪಲಿ ಬಾಗಿಲಾಚೆ ಬಿಟ್ಟಿದ್ದೆ. ಒಗೆತ ಮುಗಿಸಿ, ಮೊಮ್ಮಗಳು ಮಲಗಿದ್ದ ಗಾಡೀನ ಲಿಫ್ಟಿಗೆ ನೂಕಿದ ಮೇಲೆ ನೋಡ್ತೀನಿ, ಬರಿಗಾಲು! ಚಪ್ಪಲಿಗೆ ಅಂತ ತಿರುಗಿದೆ. ಹಿಂದೆ ಬಾಗಿಲು ಮುಚ್ಕೊಂಡು, ಲಿಫ್ಟು ಮಗೂನ ಕರ್ಕೊಂಡು ಮೇಲೆ ಹೋಯ್ತು.

ಯಾವ ಮಹಡಿಗೆ ಹೋಯ್ತೋ? ಮಗೂನ ಯಾರಾದ್ರೂ ಎತ್ಕೊಂಡು ಹೋದ್ರೆ? ಮನೆದೇವರ ಹೆಸರು ಕೂಗ್ತಾ ಲಿಫ್ಟಿನ ಬಾಗಿಲು ಬಡಿದೆ. ಒಗೆಯೋ ಕೋಣೆಯಿಂದ ಓಡಿಬಂದವಳು ಪಕ್ಕದ ಮನೆಯ ಫಿಲಿಪೀನ್ಸ್ ಹೆಂಗಸು ಲಿಂಡಾ.

"ಬೇಬಿ?" ಅಂದ್ಲು. ಮೇಲೆ ಕೈ ತೋರಿಸ್ದೆ.

"ದಿಯೋಸ್ ಕೋ!" ಅಂತ ಚೀರಿ ಮೆಟ್ಟಿಲು ಹತ್ತಿ ಓಡಿದ್ಲು.

ಕಂಬಿ ಹಿಡ್ಕೊಂಡು ನಾನು ಹತ್ತೋ ಅಷ್ಟರಲ್ಲಿ ಮೇಲಿಂದ ಮತ್ತೆ ಅದೇ ಮಾತು, "ದಿಯೋಸ್ ಕೋ...", ಮೆಲ್ಲಗೆ, ಅಳು ಬೆರೆತು. ಮಗೂಗೆ ಏನೋ ಆಗೇ ಹೋಯ್ತು ಅಂದ್ಕೊಂಡೆ. ಹೋಗಿ ನೋಡಿದ್ರೆ ಮಗು ಅವಳ ತೋಳಲ್ಲಿ ಆಕಳಿಸ್ತಿದೆ. ನನ್ನ ಬರಿಗಾಲು ಕಂಡು ಇನ್ನೊಮ್ಮೆ "ದಿಯೋಸ್ ಕೋ!" ಅಂದ್ಲು. ಈ ಸಲ ಬೈಗುಳ.

ಸಂಜೆ ಮಗಳು ಬಿಡಿಸಿ ಹೇಳಿದ್ಲು. "ನನ್ನ ದೇವರೇ ಅಂತ ಅಮ್ಮ. ದಿಯೋಸ್ ಅನ್ನೋದು ಸ್ಪೇನಿನವರು ಲಿಂಡಾಳ ನಾಡನ್ನ ಆಳಿ ಬಿಟ್ಟುಹೋದ ಮಾತು."

"ಹೆದರಿಕೆಗೂ ಅದೇ, ಬೈಯೋಕೂ ಅದೇನಾ?"

"ನೀನು ಹಾಲು ಉಕ್ಕಿದ್ರೂ ದೇವರೇ ಅನ್ನಲ್ವಾ?"

ಅಂತೀನಿ, ಇಲ್ಲ ಅಂತಿಲ್ಲ. ಆದ್ರೆ ಅವತ್ತು ಮೆಟ್ಟಿಲು ಹತ್ತಿ ಓಡಿದ್ದು ಅವಳ ದೇವರು. ನಮ್ಮ ಮನೆದೇವರಿಗೂ ನನ್ನ ಹಾಗೇ ಮಂಡಿನೋವು ಇರಬೇಕು.