ಮಾರ್ವೆಯ ಎರಡು ಬಿದಿರುಗಂಬಗಳು

ನೂಲು ಹುಣ್ಣಿಮೆಯ ದಿನ ಊಟ ಮುಗಿಸಿ ನಾನೂ ತಂಗಿ ಸುಧಾಳೂ ವಡಾಲದಿಂದ ಹೊರಟೆವು. ಬಾಂದ್ರಾದಲ್ಲಿ ಲೋಕಲ್ ಬದಲಿಸಿ ಮಲಾಡಿಗೆ, ಅಲ್ಲಿಂದ ಬಸ್ಸಿನಲ್ಲಿ ಮಾರ್ವೆಗೆ. ಮಳೆ ಬಿಡುವು ಕೊಟ್ಟಿತ್ತು. ಉಪ್ಪುಗಾಳಿಗೆ ನನಗೆ ಜೊಂಪು ಹತ್ತಿ, ಬಸ್ಸು ಯಾವುದೋ ಕನಸಿನೊಳಗೆ ಹೋಗುತ್ತಿದೆ ಅನ್ನಿಸಿತು. ಸುಧಾಳಿಗೆಲ್ಲಿಯ ನಿದ್ದೆ! ಅವತ್ತಿನ ವಿಂಡ್‌ಸರ್ಫಿಂಗ್ ಓಟದಲ್ಲಿ ಗೆದ್ದವಳಿಗೆ ಗೋವೆಯ ಪಂದ್ಯಕ್ಕೆ ಹೋಗುವ ಅವಕಾಶ. ವರ್ಷವಿಡೀ ಅವಳ ಬಾಯಲ್ಲಿ ಅದೇ ಜಪ.

ವಿಂಡ್‌ಸರ್ಫಿಂಗ್ ಅಂದರೆ ಹಲಗೆಗೆ ಹಾಯಿ ಸಿಕ್ಕಿಸಿ, ಅದರ ಮೇಲೆ ನಿಂತು ಗಾಳಿಯ ಜೊತೆ ಓಡುವ ಹುಚ್ಚು. ದಡದ ಹತ್ತಿರ ನೀರಿನಲ್ಲಿ ಎರಡು ಬಿದಿರುಗಂಬ ನೆಟ್ಟಿದ್ದರು; ಅವುಗಳಿಂದ ದಡದವರೆಗೆ ನೀರಿಗಿಳಿಯುವ ಜನರ ಜಾಗ. ಕಲಿಸುವ ಡಿಸೋಜಾ ಮಂಗಳೂರಿನವರು. "ಕಂಬ ಬಂತಾ, ಹಾಯಿ ಸಡಿಲ ಮಾಡುವುದು. ಒಳಗೆ ನಡೆದುಕೊಂಡು ಬಂದ ಹಾಗೆ ಬರಬೇಕು, ಗೊತ್ತಾಯ್ತಲ್ಲ?" ಎಂದು ಸುಧಾಳಿಗೆ ಮತ್ತೆ ಮತ್ತೆ ಹೇಳಿದರು.

ಸಂಜೆಯ ಹೊತ್ತಿಗೆ ಇಳಿತ ಜೋರಾಗಿತ್ತು. ಸಮುದ್ರಕ್ಕೆ ತೆಂಗಿನಕಾಯಿ ಒಪ್ಪಿಸಲು ಬಂದ ಮೀನುಗಾರರ ಮನೆಮಂದಿ, ನೀರು ಹಿಂದೆ ಸರಿದಂತೆಲ್ಲ ಮುಂದೆ ಮುಂದೆ ನಡೆದು ಕಂಬಗಳನ್ನೂ ದಾಟಿದ್ದರು. ದೂರದ ಮಂಜಿನಿಂದ ಬಣ್ಣದ ಹಾಯಿಗಳು ಸದ್ದಿಲ್ಲದೆ ತೇಲಿ ಬಂದವು. ಎಲ್ಲರಿಗಿಂತ ಮುಂದೆ ನಮ್ಮ ಸುಧಾ! ನನ್ನೆದೆ ಉಬ್ಬಿಹೋಯಿತು.

ಕಂಬ ಇನ್ನೂ ಎಷ್ಟೋ ದೂರವಿದ್ದಾಗಲೇ ಅವಳು ಹಾಯಿ ಕೈಬಿಟ್ಟಳು. "ಅಯ್ಯೋ, ಹಿಡ್ಕೊಳ್ಳೇ!" ಎಂದು ನಾನು ಗಂಟಲು ಹರಿಯುವಂತೆ ಕೂಗಿದೆ. ಅಷ್ಟರಲ್ಲಿ ಹಿಂದಿದ್ದ ಬಾಂದ್ರಾದ ಹುಡುಗಿಯೊಬ್ಬಳು ಜನರಿಲ್ಲದ ಪಕ್ಕದಿಂದ ಬಂದು, ಸರಿಯಾಗಿ ಕಂಬದ ಬಳಿ ಹಾಯಿ ಸಡಿಲಿಸಿ, ಮೊದಲು ದಡ ಮುಟ್ಟಿದಳು. ಅವಳದೇನೂ ತಪ್ಪಿರಲಿಲ್ಲ.

"ಏನ್ ಬಂದಿತ್ತೇ ನಿನಗೆ? ಕಂಬ ಅಷ್ಟು ದೂರ ಇತ್ತಲ್ಲೇ!"

"ಕಂಬ ನಿಂತಲ್ಲೇ ಇತ್ತು ಅಣ್ಣ. ಜನ ಮುಂದೆ ಬಂದಿದ್ರು."

ನನಗೆ ಮೈಯೆಲ್ಲ ಉರಿಯುತ್ತಿತ್ತು. ಇಬ್ಬರೂ ಭೇಲ್‌ಪುರಿ ತಿಂದು ಬಸ್ಸು ಹತ್ತಿದೆವು. ಹಿಂತಿರುಗಿ ನೋಡಿದರೆ ನೀರೂ ಆಕಾಶವೂ ಒಂದೇ ಬಣ್ಣವಾಗಿ, ನಡುವೆ ತೆಂಗಿನಕಾಯಿಗಳು ತೂಕಡಿಸುತ್ತಿದ್ದವು. ಪಕ್ಕದಲ್ಲಿ ಸುಧಾ ಬಿಕ್ಕುವುದು ಕೇಳಿಸಿತು. ಪಾಪ ಅನ್ನಿಸಿ ಸಿಟ್ಟೆಲ್ಲ ಇಳಿಯಿತು.

"ಹೋಗ್ಲಿ ಬಿಡೇ. ಗೋವಾ ಎಲ್ಲೂ ಓಡಿಹೋಗಲ್ಲ."

"ಗೋವಾಗಾಗಿ ಅಳ್ತಿಲ್ಲ ಅಣ್ಣ," ಎಂದಳು. "ನಾನು ಹಾಯಿ ಬಿಟ್ಟೆನಲ್ಲ, ಹಲಗೆ ಬಂದು ನಿಂತಾಗ ಗೇಣು ದೂರದಲ್ಲಿ ಒಬ್ಬರು ಅಜ್ಜಿ ಮುಳುಗು ಹಾಕಿ ಎದ್ರು. ಮುಖ ಒರೆಸ್ಕೊಂಡು ನನ್ನ ನೋಡಿ ನಕ್ರು. ಅವರಿಗೇನೂ ಗೊತ್ತೇ ಆಗ್ಲಿಲ್ಲ."

ಮಲಾಡ್ ಸ್ಟೇಷನ್ ಬರುವವರೆಗೂ ಅವಳ ಕೈ ಹಿಡಿದುಕೊಂಡೇ ಕೂತಿದ್ದೆ.